ದೊರೆಸಾನಿಯ ಒಂದು ದಿನ

ಫೆಬ್ರವರಿ 11

ಅತ್ತೆಯವರಿಗೆ,

ಭಾನುವಾರ ಫೋನಿನಲ್ಲಿ ಏನೂ ಕೇಳಲಾಗಲಿಲ್ಲ. ನಮ್ಮ ಪುಟ್ಟ ದೊರೆಸಾನಿ ಫೋನನ್ನು ನಿಮ್ಮ ಕೈಗೆ ಕೊಟ್ಟರೆ ತಾನೆ? ಇದ್ದ ಹತ್ತು ನಿಮಿಷವೂ ಅವಳದೇ ದರ್ಬಾರು. ಇಲ್ಲಿ ಹಾಸ್ಟೆಲಿನ ಫೋನು ಇರುವುದು ಮೇಲ್ವಿಚಾರಕಿಯ ಮೇಜಿನ ಮೇಲೆ. ಹಿಂದೆ ನಾಲ್ಕು ಜನ ತಮ್ಮ ಸರದಿಗೆ ಕಾದು ನಿಂತಿರುತ್ತಾರೆ. ನನಗೆ ಮೊದಲೇ ಮಾತು ಕಡಿಮೆ, ಅಲ್ಲಿ ನಿಂತರೆ ಇನ್ನೂ ಕಡಿಮೆ. ಅದಕ್ಕೇ ಬರೆಯುತ್ತಿದ್ದೇನೆ.

ಗುರುವಾರ ವೈದ್ಯರ ಮಂಡಳಿಯ ಮುಂದೆ ಅವಳನ್ನು ಕರೆದುಕೊಂಡು ಹೋಗಿದ್ದಿರಲ್ಲ, ಏನಾಯಿತು? ಎಂಟು ತಿಂಗಳು ಕಾದು ಸಿಕ್ಕ ದಿನ ಅದು. ತಾಯಿಯಾದ ನಾನೇ ಇರಬೇಕಿತ್ತು. ರಜೆ ಕೇಳಿದೆ. ಹೋಟೆಲು ತುಂಬಿದೆ, ಮಂಚದ ಹಾಸುಗಳು ರಾಶಿ ಬಿದ್ದಿವೆ, ಇಸ್ತ್ರಿಗೆ ಒಬ್ಬರು ಕಡಿಮೆಯಾದರೂ ಆಗುವುದಿಲ್ಲ ಅಂದರು.

ಎಷ್ಟು ಬರೆದರು ಅತ್ತೆ? ನಲವತ್ತು ದಾಟಿತೇ? ಶಾಲೆಯ ಹೆಡ್ ಮೇಡಂ ಹೇಳಿದ್ದು ನನ್ನ ಕಿವಿಯಲ್ಲೇ ಇದೆ. “ಸೇರಿಸ್ಕೊಳ್ಳೋಕೆ ನಂಗೇನೂ ಅಡ್ಡಿ ಇಲ್ಲಮ್ಮ. ಆದ್ರೆ ಅವಳನ್ನ ಎತ್ತಿ ಕೂರಿಸೋಕೆ, ಬಾತ್‌ರೂಮಿಗೆ ಕರ್ಕೊಂಡು ಹೋಗೋಕೆ ಒಬ್ರು ಬೇಕಲ್ಲ? ನಲವತ್ತು ಪರ್ಸೆಂಟ್ ದಾಟಿದ ಅಂಗವಿಕಲತೆ ಸರ್ಟಿಫಿಕೇಟ್ ತನ್ನಿ, ಸರ್ಕಾರದವ್ರು ಆಯಾ ಕೊಡ್ತಾರೆ” ಅಂದಿದ್ದರು. ಕಾಲಿಗೆ ಕಟ್ಟುವ ಪಟ್ಟಿಗಳು ಸಿಗುವುದೂ ಅದರ ಮೇಲೆಯೇ, ತಿಂಗಳ ಭತ್ಯೆಯೂ ಅದರ ಮೇಲೆಯೇ. ಜೂನಿನಲ್ಲಿ ಶಾಲೆ ತೆರೆಯುತ್ತದೆ. ಅವಳಿಗೆ ಏಳು ತುಂಬಿತು. ಇನ್ನೂ ಒಂದು ವರ್ಷ ಕಿಟಕಿಯಲ್ಲಿ ಕೂತು ಬೀದಿಯ ಮಕ್ಕಳ ಚೀಲಗಳ ಬಣ್ಣ ಹೇಳುತ್ತಾ ಕಳೆಯುವುದು ಬೇಡ.

ಅರ್ಜಿಯಲ್ಲಿ ತಂದೆಯ ಸಹಿಯ ಜಾಗವನ್ನು ಖಾಲಿ ಬಿಡಿ ಅಂದಿದ್ದೆ. ಅದಕ್ಕೆ ಯಾರೂ ಏನೂ ಅನ್ನಲಿಲ್ಲ ತಾನೆ?

ನಾನು ಚೆನ್ನಾಗಿದ್ದೇನೆ. ಕೆಲಸ ಹಗುರ.

ನಿಮ್ಮ ಸೊಸೆ


ಫೆಬ್ರವರಿ 19

ಮಗಳೇ,

ಮೂವತ್ತೆರಡು ಬರೆದಿದ್ದಾರೆ. ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಉಳಿದದ್ದು.

ಮೂವರು ಡಾಕ್ಟರು ಕೂತಿದ್ದರು. ಒಬ್ಬರು ಕಾಲು ನೋಡಿದರು, ಒಬ್ಬರು ಕೈ ನೋಡಿದರು, ಮೂರನೆಯವರು ಗೋಡೆಯ ಗಡಿಯಾರ ನೋಡಿದರು. ಹುಟ್ಟುವಾಗ ಉಸಿರು ಸಿಕ್ಕದೆ ಮೆದುಳಿಗೆ ಪೆಟ್ಟಾಗಿದೆ ಅನ್ನುವ ಕಾಗದ, ಹಳೆಯ ಚೀಟಿಗಳು, ಎಲ್ಲವನ್ನೂ ಕವರಿನಲ್ಲಿ ಹೊಂದಿಸಿ ಒಯ್ದಿದ್ದೆ. ಪುಟ ತಿರುಗಿಸಿ ಪಕ್ಕಕ್ಕಿಟ್ಟರು.

ನಿನ್ನ ಮಗಳು ಮಾತ್ರ ನಮ್ಮ ಮಾನ ಉಳಿಸಿದಳು. ಹದಿನೈದು ದಿನದಿಂದ ಮನೆಯಲ್ಲಿ ಅಭ್ಯಾಸ ಮಾಡಿಸಿದ್ದೆ. ಬಾಗಿಲಿನಿಂದ ಮೇಜಿನ ತನಕ ಹತ್ತು ಹೆಜ್ಜೆ, ನನ್ನ ಕೈ ಹಿಡಿಯದೆ! ಹೊಸ ನೀಲಿ ಅಂಗಿ ಹಾಕಿ, ತಲೆ ಬಾಚಿ, ಬಾಯಿ ಒರೆಸಿ ಬಿಟ್ಟಿದ್ದೆ. ಮೇಜು ಮುಟ್ಟಿದವಳೇ “ಹೇಗಿದ್ದೀರಾ ಡಾಕ್ಟ್ರೇ?” ಅಂತ ಅವರನ್ನೇ ವಿಚಾರಿಸಿಕೊಂಡಳು. ಗಡಿಯಾರ ನೋಡುತ್ತಿದ್ದವರೂ ನಕ್ಕರು. ಇಂಥ ಮಗುವಿಗೆ ಸಹಾಯ ಮಾಡಿದರೆ ಅದು ವ್ಯರ್ಥವಾಗುವುದಿಲ್ಲ ಅಂತ ಯಾರಿಗಾದರೂ ಅನ್ನಿಸಬೇಕು. ಇವರಿಗೆ ಅನ್ನಿಸಲಿಲ್ಲ. ಏನು ಮಾಡುವುದು, ಓದಿದವರ ಬುದ್ಧಿ ನಮಗೆ ತಿಳಿಯುವುದಿಲ್ಲ.

ನನ್ನನ್ನು ಏನು ಕೇಳಿದರು ಅಂತ ನೀನು ಕೇಳಬಹುದು. ಹೆಚ್ಚೇನೂ ಕೇಳಲಿಲ್ಲ, ಎರಡು ಮಾತು.

ತಂದೆಯ ಸಹಿಯ ಬಗ್ಗೆ ಯಾರೂ ತಕರಾರು ಮಾಡಲಿಲ್ಲ.

ಪ್ರಮಾಣಪತ್ರವನ್ನು ಇದರ ಜೊತೆ ಇಟ್ಟಿದ್ದೇನೆ. ಬೇಜಾರು ಮಾಡಿಕೊಳ್ಳಬೇಡ, ಹೊತ್ತಿಗೆ ಸರಿಯಾಗಿ ಊಟ ಮಾಡು.

ನಿನ್ನ ಅತ್ತೆ


ಮಾರ್ಚ್ 2

ಅತ್ತೆಯವರಿಗೆ,

ನಿಮ್ಮ ಪತ್ರವೂ ಪ್ರಮಾಣಪತ್ರವೂ ಬಂದವು. ಆಮೇಲೆ ಪಕ್ಕದ ಮಂಚದ ಅಕ್ಕ, ಹೋಟೆಲಿನ ಟವೆಲುಗಳನ್ನು ಮಡಿಸುವವರು, ಪ್ರಮಾಣಪತ್ರದ ಹಿಂಬದಿ ತಿರುಗಿಸಿ ಓದಿದರು. ಅಲ್ಲಿ ಸಣ್ಣ ಅಕ್ಷರದಲ್ಲಿ ಒಂದು ಸಾಲು ಇದೆ. ಒಪ್ಪಿಗೆಯಾಗದಿದ್ದರೆ ತೊಂಬತ್ತು ದಿನದೊಳಗೆ ಮೇಲ್ಮನವಿ ಕೊಡಬಹುದು ಅಂತ. ನಾನು ಎಷ್ಟೋ ಸಲ ಮುಂಭಾಗವನ್ನೇ ಓದಿದ್ದೆ. ಹಿಂದೆ ತಿರುಗಿಸಿರಲಿಲ್ಲ.

ಅವರೇ ಉಚಿತ ಕಾನೂನು ನೆರವಿನ ಕಚೇರಿ ಎಲ್ಲಿದೆ ಅಂತ ಹೇಳಿದರು. ವಾರದ ರಜೆಯ ದಿನ ಹೋದೆ. ನ್ಯಾಯಾಲಯದ ಹಿಂದೆ ಒಂದು ಚಿಕ್ಕ ಕೋಣೆ. ಹೊರಗೆ ನಿಂತು ಬೋರ್ಡು ಓದಿದೆ, ಕೆಳಗಿಳಿದು ರಸ್ತೆಯ ತನಕ ಹೋದೆ, ಮತ್ತೆ ಹತ್ತಿ ಬಂದು ಬೋರ್ಡು ಓದಿದೆ. ಮೂರನೆಯ ಸಲಕ್ಕೆ ಬಾಗಿಲಲ್ಲಿ ಕೂತ ಕಾವಲುಗಾರ, “ಬೋರ್ಡು ಬಾಯಿಪಾಠ ಆಯ್ತಲ್ಲ, ಇನ್ನು ಒಳಗೆ ಹೋಗಮ್ಮ. ಯಾರೂ ಕಚ್ಚಲ್ಲ” ಅಂದರು.

ವಕೀಲೆ ನನಗಿಂತ ಹತ್ತು ವರ್ಷ ದೊಡ್ಡವರಿರಬಹುದು. ಒಂದು ಹಾಳೆ ಕೊಟ್ಟು ಅರ್ಜಿ ಬರೆಯಿರಿ ಅಂದರು. ನಾನು ಓದಿದ್ದು ನಾಲ್ಕನೇ ಕ್ಲಾಸು ಅಂದೆ. “ಮಗು ನಿಮ್ಮದು ತಾನೆ? ನಿಮ್ಗೆ ಗೊತ್ತಿರೋದನ್ನ ಬರೀರಿ. ದೊಡ್ಡ ದೊಡ್ಡ ಪದ ಹಾಕೋಕೆ ನಾನಿದ್ದೀನಲ್ಲ” ಅಂದರು. ಅರ್ಧ ಗಂಟೆ ಹಿಡಿಯಿತು. ಓದಿ ನೋಡಿ, “ನನ್ನ ಅಕ್ಷರಕ್ಕಿಂತ ನಿಮ್ಮದೇ ವಾಸಿ” ಅಂದರು.

ಅಂದು ಮಂಡಳಿಯವರು ಬರೆದುಕೊಂಡ ಪರೀಕ್ಷೆಯ ಹಾಳೆಯ ನಕಲನ್ನು ಆಸ್ಪತ್ರೆಯಿಂದ ತರಿಸುತ್ತಾರಂತೆ. ಮೂವತ್ತೆರಡು ಯಾಕೆ ಬಂತು ಅಂತ ಅದರಲ್ಲಿ ಇರುತ್ತದಂತೆ. ಬಂದ ಮೇಲೆ ನಿಮಗೆ ಬರೆಯುತ್ತೇನೆ. ಆಸೆ ಬಿಡಬೇಡಿ.

ದೊರೆಸಾನಿಗೆ ಹೇಳಿ, ಇಲ್ಲಿ ಒಂದು ದಿನಕ್ಕೆ ನಾನೂರು ದಿಂಬಿನ ಚೀಲಗಳಿಗೆ ಇಸ್ತ್ರಿ ಹಾಕುತ್ತೇವೆ ಅಂತ. ಅಷ್ಟೂ ದಿಂಬು ಒಂದೇ ಮನೆಗಾ ಅಂತ ಕೇಳುತ್ತಾಳೆ, ನೋಡಿ.

ನಿಮ್ಮ ಸೊಸೆ


ಮಾರ್ಚ್ 20

ಅಮ್ಮಾ,

ನಾನು ಆಸ್ಪತ್ರೆಯಿಂದ ಕೇಳಿದ್ದ ಪರೀಕ್ಷೆಯ ಹಾಳೆಯ ನಕಲು ಬಂದಿದೆ. ಅದನ್ನು ಇದರೊಂದಿಗೆ ಕಳುಹಿಸುತ್ತಿದ್ದೇನೆ.

ಎರಡನೆಯ ಪುಟದಲ್ಲಿ ‘ಪೋಷಕರ ಹೇಳಿಕೆ’ ಎಂಬ ಭಾಗವಿದೆ. ಅದರಲ್ಲಿರುವುದು ಇಷ್ಟು: ಊಟ, ತಾನೇ ಮಾಡುತ್ತಾಳೆ. ಸ್ನಾನ, ತಾನೇ ಮಾಡುತ್ತಾಳೆ. ಶೌಚ, ನೆರವು ಬೇಡ. ಬಟ್ಟೆ, ತಾನೇ ಹಾಕಿಕೊಳ್ಳುತ್ತಾಳೆ. ಮೆಟ್ಟಿಲು, ಹತ್ತುತ್ತಾಳೆ. ನಿದ್ರೆ, ತೊಂದರೆಯಿಲ್ಲ. ಕೆಳಗೆ ಮಗುವಿನ ಅಜ್ಜಿಯವರ ಸಹಿ ಇದೆ.

ಈ ಹಾಳೆಯನ್ನು ನೋಡಿದರೆ ವೈದ್ಯರು ತಪ್ಪು ಮಾಡಿದರೆಂದು ವಾದಿಸುವುದು ಕಷ್ಟ. ಅವರು ಕಂಡದ್ದನ್ನೂ ಕೇಳಿದ್ದನ್ನೂ ಬರೆದಿದ್ದಾರೆ. ಆದರೆ ನೀವು ನನ್ನ ಮುಂದೆ ಕೂತು ಬರೆದ ಮಗು ಈ ಹಾಳೆಯಲ್ಲಿರುವ ಮಗು ಅಲ್ಲ. ಮೇಲ್ಮನವಿಗೆ ನಮ್ಮ ಬಳಿ ಇರುವ ಆಧಾರ ಅದೇ.

ಮೇ ಮೊದಲ ವಾರದೊಳಗೆ ಎರಡು ಕಾಗದಗಳು ಬೇಕು. ಒಂದು, ಮಗುವಿಗೆ ವ್ಯಾಯಾಮ ಮಾಡಿಸುವ ಫಿಸಿಯೋಥೆರಪಿಯವರ ಪತ್ರ. ಎರಡು, ಮಗುವಿನ ಒಂದು ದಿನದ ವಿವರ. ಬೆಳಿಗ್ಗೆ ಏಳುವುದರಿಂದ ಮಲಗುವ ತನಕ ಅವಳು ಏನು ಮಾಡುತ್ತಾಳೆ, ಯಾವುದಕ್ಕೆ ಯಾರ ಕೈ ಬೇಕು, ಎಷ್ಟು ಹೊತ್ತು ಹಿಡಿಯುತ್ತದೆ. ಅವಳ ಜೊತೆ ದಿನವಿಡೀ ಇರುವವರೇ ಅದನ್ನು ಬರೆದು ಸಹಿ ಮಾಡಬೇಕು. ಹೆಚ್ಚು ಮಾಡಿ ಹೇಳುವುದು ಬೇಡ, ಕಡಿಮೆ ಮಾಡಿ ಹೇಳುವುದಂತೂ ಬೇಡವೇ ಬೇಡ.

ವಕೀಲೆ,
ಉಚಿತ ಕಾನೂನು ನೆರವಿನ ಕಚೇರಿ


ಮಾರ್ಚ್ 24

ಅತ್ತೆಯವರಿಗೆ,

ಆಸ್ಪತ್ರೆಯ ಹಾಳೆ ಬಂತು. ಅದರಲ್ಲಿ ‘ಪೋಷಕರ ಹೇಳಿಕೆ’ ಅಂತ ಆರು ಸಾಲು ಇದೆ. ಅದನ್ನು ಇದ್ದ ಹಾಗೆಯೇ ಬೇರೆ ಹಾಳೆಯಲ್ಲಿ ಬರೆದು ಇಟ್ಟಿದ್ದೇನೆ. ಬರೆದುಕೊಂಡವರು ಕೈತಪ್ಪಿ ಏನಾದರೂ ಬರೆದಿರಬಹುದು. ನೀವೊಮ್ಮೆ ನೋಡಿ.

ವಕೀಲೆ ವ್ಯಾಯಾಮದ ಮೇಡಂ ಅವರ ಪತ್ರವನ್ನೂ ಅವಳ ಒಂದು ದಿನದ ವಿವರವನ್ನೂ ಕೇಳಿದ್ದಾರೆ. ವಿವರವನ್ನು ಅವಳ ಜೊತೆಯಲ್ಲಿರುವವರೇ ಬರೆಯಬೇಕಂತೆ. ನಾನು ಬಿಟ್ಟು ಬಂದು ಒಂದೂವರೆ ವರ್ಷವಾಯಿತು. ನಾನು ಬರೆದರೆ ಹಳೆಯ ಮಗುವಿನ ಕಥೆಯಾಗುತ್ತದೆ. ನೀವೇ ಬರೆಯಬೇಕು.

ಬಿಸಿಲು ಜಾಸ್ತಿಯಾಗಿದೆ. ಅವಳಿಗೆ ನೀರು ಕುಡಿಸುತ್ತಿರಿ. ನೀವೂ ಕುಡಿಯಿರಿ.

ನಿಮ್ಮ ಸೊಸೆ


ಏಪ್ರಿಲ್ 14

ಮಗಳೇ,

ಮೂರು ವಾರ ಯಾಕೆ ಬರೆಯಲಿಲ್ಲ ಅಂತ ನೀನು ಭಾನುವಾರಗಳಲ್ಲಿ ಕೇಳಲಿಲ್ಲ. ನಾನೂ ಹೇಳಲಿಲ್ಲ. ಮಗು ನಡುವೆ ಕೂತು ಇಬ್ಬರ ಪಾಲಿನ ಮಾತನ್ನೂ ಆಡಿತು.

ಯಾರೂ ಕೈತಪ್ಪಿ ಬರೆದಿಲ್ಲ. ಅಲ್ಲಿರುವುದೆಲ್ಲ ನಾನೇ ಹೇಳಿದ್ದು. ‘ನೀವು ಹೀಗೆ ಹೇಳಿದ್ದೀರಿ’ ಅಂತ ನೇರವಾಗಿ ಬರೆಯಬಹುದಿತ್ತಲ್ಲ? ನೀನು ಬೈದಿದ್ದರೆ ನಾನೂ ನಾಲ್ಕು ಮಾತು ಬೈದು ಮುಗಿಸುತ್ತಿದ್ದೆ. ನೀನು ನೀರು ಕುಡಿಯಿರಿ ಅಂತ ಬರೆದೆ.

ನಾನು ಮೂವತ್ತು ವರ್ಷ ಪಿಂಗಾಣಿ ಸಾಮಾನಿನ ಅಂಗಡಿಯಲ್ಲಿ ನಿಂತವಳು. ಬಟ್ಟಲಿನ ಅಂಚು ಎಲ್ಲಾದರೂ ಚೂರು ಹೋಗಿದ್ದರೆ ಆ ಕಡೆಯನ್ನು ಗೋಡೆಗೆ ತಿರುಗಿಸಿಡಬೇಕು. ಸುಳ್ಳು ಹೇಳುವುದಲ್ಲ, ಗಿರಾಕಿ ಕೇಳಿದರೆ ತೋರಿಸಿದರಾಯಿತು. ಆದರೆ ಕಣ್ಣಿಗೆ ಮೊದಲು ಬೀಳುವುದು ಒಳ್ಳೆಯ ಕಡೆ ಆಗಿರಬೇಕು. ಅದು ಕೈಗೆ ಎಷ್ಟು ರೂಢಿಯಾಗಿದೆ ಅಂದರೆ ಇವತ್ತೂ ಮನೆಯ ಲೋಟಗಳನ್ನು ಹಾಗೆಯೇ ಇಡುತ್ತೇನೆ. ಆ ಡಾಕ್ಟರು ಪೆನ್ನು ಹಿಡಿದು “ಊಟ ಅವಳೇ ಮಾಡ್ತಾಳಾ?” ಅಂದಾಗ, “ಓ, ಮಾಡ್ತಾಳಲ್ಲ” ಅಂತ ಬಾಯಿ ತಾನೇ ಹೇಳಿಬಿಟ್ಟಿತು. ಒಂದು ಸಲ ಹೇಳಿದ ಮೇಲೆ ಉಳಿದ ಐದಕ್ಕೂ ಅದೇ ದಾರಿ.

ಇನ್ನೊಂದು ವಿಷಯವಿದೆ. ಅದನ್ನು ನಾವಿಬ್ಬರೂ ಆಡಿದ್ದಿಲ್ಲ. ಇವತ್ತು ಬರೆಯುತ್ತೇನೆ, ಮತ್ತೆ ಬರೆಯುವುದಿಲ್ಲ. ಈ ಮಗುವಿಗೆ ಏನೇನು ಆಗುವುದಿಲ್ಲ ಅಂತ ಡಾಕ್ಟರು ಒಂದೊಂದಾಗಿ ಹೇಳಿದ ದಿನ, ಕೇಳಿಸಿಕೊಂಡು ನನ್ನ ಮಗ ಎದ್ದು ಹೋದ. ಹೋದವನು ಹೋದ. ಅಂದಿನಿಂದ ಅವಳಿಗೆ ಆಗದ್ದನ್ನು ಯಾರ ಮುಂದೆಯಾದರೂ ಹೇಳಲು ಬಾಯಿ ತೆರೆದರೆ, ಕೇಳಿಸಿಕೊಂಡವರು ಎದ್ದು ಹೋಗುತ್ತಾರೆ ಅಂತಲೇ ನನಗೆ ಅನ್ನಿಸುತ್ತದೆ.

ಸರಿ, ಈಗ ಕೆಲಸದ ಮಾತು. ಮತ್ತೆ ಮಂಡಳಿ ಕರೆದರೆ ದೊರೆಸಾನಿಗೆ ಏನು ಹೇಳಲಿ? ಹತ್ತು ಹೆಜ್ಜೆ ನಡೆಯುತ್ತೇನೆ ಅಂತ ಬೀದಿಗೆಲ್ಲ ಸಾರಿಕೊಂಡಿದ್ದಾಳೆ. ಅಲ್ಲಿಯೂ ನಡೆದೇ ನಡೆಯುತ್ತಾಳೆ. ಅವತ್ತೊಂದು ದಿನ ನಡೆಯಬೇಡ, ಸುಮ್ಮನೆ ಕೂತಿರು ಅಂತ ಹೇಳಿಕೊಡಲೇ? ಕೇಳುತ್ತಾಳೆ, ನನ್ನ ಮಾತು ಮೀರುವುದಿಲ್ಲ. ನೀನು ಹೇಳಿದ ಹಾಗೆ ಮಾಡುತ್ತೇನೆ.

ದಿನದ ವಿವರ ಬರೆಯಲು ಕೂತೆ. ಎರಡು ಸಲ ಹರಿದೆ.

ನಿನ್ನ ಅತ್ತೆ


ಏಪ್ರಿಲ್ 20

ಅತ್ತೆಯವರಿಗೆ,

ನಿಮ್ಮನ್ನು ಬೈಯಲು ನನಗೆ ಬಾಯಿಲ್ಲ. ಯಾಕೆ ಅಂತ ಹೇಳುತ್ತೇನೆ. ನಾನೂ ನಿಮಗೆ ಕೆಲಸ ಹಗುರ ಅಂತ ಬರೆದೆ. ಜನವರಿಯಲ್ಲಿ ಹಬೆಯ ಇಸ್ತ್ರಿಯ ಮುಚ್ಚಳ ನನ್ನ ಎಡಗೈ ಮೇಲೆ ಬಿತ್ತು. ಹನ್ನೆರಡು ದಿನ ಬಟ್ಟೆ ಕಟ್ಟಿಕೊಂಡು ಒಂದೇ ಕೈಯಲ್ಲಿ ದಿಂಬಿನ ಚೀಲ ಮಡಿಸಿದೆ. ಆ ದಿನಗಳಲ್ಲೂ ‘ಚೆನ್ನಾಗಿದ್ದೇನೆ’ ಅಂತಲೇ ಬರೆದೆ. ಈಗ ಗಾಯ ಒಣಗಿದೆ, ಎರಡು ಬೆರಳು ಪೂರ್ತಿ ಮಡಚುವುದಿಲ್ಲ, ಅಷ್ಟೇ. ಈ ‘ಅಷ್ಟೇ’ ಕೂಡ ಬರೆಯಬಾರದಿತ್ತೇನೋ. ಕೈಗೆ ಬಂದುಬಿಟ್ಟಿತು.

ಅವಳಿಗೆ ನಡೆಯಬೇಡ ಅಂತ ಹೇಳಬೇಡಿ ಅತ್ತೆ. ಆ ಹತ್ತು ಹೆಜ್ಜೆ ಅವಳ ಸಂಪಾದನೆ. ಸರ್ಟಿಫಿಕೇಟಿಗಾಗಿ ಅದನ್ನು ಬಚ್ಚಿಡು ಅಂದರೆ, ನಡೆಯುವುದೇ ತಪ್ಪು ಅಂತ ಅವಳಿಗೆ ಅನ್ನಿಸುತ್ತದೆ. ಅದಕ್ಕಿಂತ ಶಾಲೆ ಇನ್ನೊಂದು ವರ್ಷ ತಡವಾದರೂ ಆಗಲಿ. ಇದನ್ನು ಬರೆಯುವುದು ಸುಲಭವಲ್ಲ, ಆದರೂ ಇದೇ ಸರಿ ಅಂತ ಕಾಣುತ್ತದೆ. ಏನನ್ನೂ ಹೇಳಿಕೊಡಬೇಡಿ. ನಡೆದರೆ ನಡೆಯಲಿ.

ದಿನದ ವಿವರವನ್ನು ವಕೀಲೆಗೆ ಅಂತ ಬರೆಯಬೇಡಿ. ನನಗೆ ಅಂತ ಬರೆಯಿರಿ. ನಾನು ನಾಳೆ ರೈಲು ಇಳಿದು ಬಂದು ಅವಳನ್ನು ನೋಡಿಕೊಳ್ಳಬೇಕು, ನೀವು ನಾಲ್ಕು ದಿನ ಊರಿಗೆ ಹೊರಟಿದ್ದೀರಿ ಅಂದುಕೊಳ್ಳಿ. ಏನೇನು ತಿಳಿಸಿ ಹೋಗುತ್ತೀರಿ? ನಾನು ಎದ್ದು ಹೋಗುವುದಿಲ್ಲ.

ನಿಮ್ಮ ಸೊಸೆ


ಏಪ್ರಿಲ್ 28

ಮಗಳೇ,

ಮೊದಲು ಕೈಯ ವಿಷಯ. ಆ ಎರಡು ಬೆರಳನ್ನು ಬಿಸಿನೀರಿನಲ್ಲಿ ಅದ್ದಿ ದಿನಕ್ಕೆ ಮೂರು ಸಲ ಮಡಚಿ ಬಿಡಿಸು. ಡಾಕ್ಟರಿಗೆ ತೋರಿಸು. ನಾನು ಕೇಳುತ್ತಲೇ ಇರುತ್ತೇನೆ, ಬಿಡುವುದಿಲ್ಲ.

ಈಗ ನಾನು ಊರಿಗೆ ಹೊರಟೆ. ನೀನು ತಿಳಿದುಕೊಳ್ಳಬೇಕಾದ್ದು ಇದು.

ಬೆಳಿಗ್ಗೆ ಆರೂವರೆಗೆ ಕಣ್ಣು ಬಿಡುತ್ತಾಳೆ. ಕೂಡಲೇ ಎತ್ತಬೇಡ. ಕಾಲೆರಡೂ ಕತ್ತರಿಯ ಹಾಗೆ ಸೇರಿಕೊಂಡು ಬಿಗಿದಿರುತ್ತವೆ. ಬಿಸಿನೀರಿನಲ್ಲಿ ಹಿಂಡಿದ ಟವೆಲನ್ನು ತೊಡೆಗೆ ಸುತ್ತಿ ಮೆಲ್ಲಗೆ ಬಿಡಿಸಬೇಕು. ಇಪ್ಪತ್ತು ನಿಮಿಷ. ಅಷ್ಟು ಹೊತ್ತೂ ಕನಸು ಹೇಳುತ್ತಾಳೆ, ಮಧ್ಯೆ ಮಾತಾಡಿದರೆ ಮೊದಲಿನಿಂದ ಶುರು ಮಾಡುತ್ತಾಳೆ.

ಪಾಯಿಖಾನೆಗೆ ಎತ್ತಿಕೊಂಡೇ ಹೋಗಬೇಕು. ಕೂರಿಸಿ ಎರಡೂ ಭುಜ ಹಿಡಿದುಕೊಂಡಿರಬೇಕು. ಬಿಟ್ಟರೆ ಬಲಕ್ಕೆ ವಾಲುತ್ತಾಳೆ. ಮುಖವನ್ನು ಆಚೆ ತಿರುಗಿಸಿಕೊ, ನಾಚಿಕೆ ಶುರುವಾಗಿದೆ. ತೊಳೆಯುವುದು ನೀನೇ.

ಹಲ್ಲನ್ನು ಎಡಗೈಯಲ್ಲಿ ತಾನೇ ಉಜ್ಜುತ್ತಾಳೆ, ಮುಂದಿನವು ಮಾತ್ರ. ಸ್ನಾನಕ್ಕೆ ಪ್ಲಾಸ್ಟಿಕ್ ಕುರ್ಚಿ ಇದೆ, ನಡುವಿಗೆ ಟವೆಲು ಕಟ್ಟಿ ಕುರ್ಚಿಗೆ ಬಿಗಿಯಬೇಕು. ಬಟ್ಟೆ ಹಾಕುವಾಗ ಬಲಗೈ ಮೊದಲು. ಅದು ಮಡಚಿಕೊಂಡಿರುತ್ತದೆ, ಎಳೆಯಬೇಡ, ಮೊಣಕೈ ಸವರಿದರೆ ತಾನೇ ಸಡಿಲ ಬಿಡುತ್ತದೆ. ಗುಂಡಿ ಹಾಕಲು ಬರುವುದಿಲ್ಲ.

ಊಟಕ್ಕೆ ಚಮಚ. ಒಂದು ತಟ್ಟೆ ಮುಗಿಸಲು ಮುಕ್ಕಾಲು ಗಂಟೆ. ಅರ್ಧ ಬಾಯಿಗೆ, ಅರ್ಧ ಮಡಿಲಿಗೆ. ಅವಸರವಿದ್ದ ದಿನ ನಾನೇ ತಿನ್ನಿಸುತ್ತೇನೆ, ಅವಸರ ದಿನಾ ಇರುತ್ತದೆ. ಲೋಟವನ್ನು ಅರ್ಧಕ್ಕಿಂತ ಹೆಚ್ಚು ತುಂಬಿಸಬೇಡ. ಜೊಲ್ಲಿಗೆ ದಿನಕ್ಕೆ ಆರು ಕರವಸ್ತ್ರ ಬೇಕು. ನಮ್ಮ ಮನೆಯ ಮೆಟ್ಟಿಲು ಇಪ್ಪತ್ತೆರಡು. ಒಂದನ್ನೂ ಹತ್ತುವುದಿಲ್ಲ. ಎತ್ತಿಕೊಂಡೇ ಇಳಿಯುತ್ತೇನೆ, ಎತ್ತಿಕೊಂಡೇ ಹತ್ತುತ್ತೇನೆ. ಹದಿನಾಲ್ಕನೆಯದರಲ್ಲಿ ನಿಲ್ಲುತ್ತೇನೆ. ಮೊದಲು ನಿಲ್ಲುತ್ತಿರಲಿಲ್ಲ.

ಹತ್ತು ಹೆಜ್ಜೆ ನಡೆಯುತ್ತಾಳೆ. ನಡೆದ ಮೇಲೆ ಒಂದು ಗಂಟೆ ಮಲಗಬೇಕು. ಅವಳು ಮಲಗಿರುವಾಗ ತೊಡೆಯ ಮೇಲೆ ಕೈಯಿಟ್ಟರೆ ಒಳಗೆ ನಡುಗುವುದು ತಿಳಿಯುತ್ತದೆ.

ಲೆಕ್ಕವನ್ನು ಬಾಯಲ್ಲೇ ಮಾಡುತ್ತಾಳೆ. ಬಿಸ್ಕತ್ತು ಪೊಟ್ಟಣದ ಮೇಲಿನ ಅಕ್ಷರವೆಲ್ಲ ಓದುತ್ತಾಳೆ. ಇದನ್ನು ವಕೀಲೆ ಕೇಳಿಲ್ಲ, ಆದರೆ ಇದೂ ದಿನದಲ್ಲಿ ಇದೆ.

ಒಂಬತ್ತಕ್ಕೆ ಮಲಗುತ್ತಾಳೆ. ರಾತ್ರಿ ಎರಡು ಸಲ ಮಗ್ಗುಲು ಬದಲಿಸಬೇಕು. ಉಳಿದಂತೆ ಒಳ್ಳೆಯ ನಿದ್ದೆ.

ಇಷ್ಟು ಬರೆಯಲು ನಾಲ್ಕು ದಿನ ಹಿಡಿಯಿತು. ವ್ಯಾಯಾಮದ ಮೇಡಂ ಕೊಟ್ಟ ಪತ್ರವೂ ಜೊತೆಯಲ್ಲಿದೆ. ಈ ವಿವರವನ್ನು ಅವರಿಗೆ ಓದಿ ಹೇಳಿದೆ, ಅವರು “ಇಷ್ಟು ದಿನ ನಂಗೂ ಹೇಳಿರ್ಲಿಲ್ವಲ್ಲ ಅಜ್ಜಿ?” ಅಂದರು. ‘ನೀವು ಕೇಳಿದ್ದರೆ ತಾನೆ?’ ಅನ್ನೋಣವೆಂದುಕೊಂಡೆ. ಕೇಳಿದ್ದರು.

ನಿನ್ನ ಅತ್ತೆ


ಮೇ 23

ಮಗಳೇ,

ನಿನ್ನೆ ಮಂಡಳಿ ಮುಗಿಯಿತು. ನಿನಗೆ ಈ ಸಲವೂ ರಜೆ ಸಿಗಲಿಲ್ಲವಲ್ಲ, ಅದಕ್ಕೆ ಒಂದನ್ನೂ ಬಿಡದೆ ಬರೆಯುತ್ತೇನೆ.

ಬೇರೆ ಡಾಕ್ಟರು, ಇಬ್ಬರೇ. ಒಬ್ಬರು ವಯಸ್ಸಾದವರು, ಒಬ್ಬ ಹುಡುಗಿ. ನಾನು ಬಾಯಿ ಬಿಗಿಹಿಡಿದು ದಿನದ ವಿವರದ ಹಾಳೆಯ ನಕಲು ಕೊಟ್ಟೆ. ಆ ಹುಡುಗಿ ಗಟ್ಟಿಯಾಗಿ ಓದಲು ಶುರು ಮಾಡಿದಳು. “ಮನಸ್ಸಲ್ಲೇ ಓದ್ಕೊಳ್ಳಿ ಡಾಕ್ಟ್ರೇ, ಮಗು ಇದೆ” ಅಂದೆ.

“ನನ್ನ ವಿಷಯ ನಂಗೇ ಕೇಳಿಸ್ಬಾರ್ದಾ?” ಅಂತ ದೊರೆಸಾನಿ.

ವಯಸ್ಸಾದವರು, “ಹೌದಲ್ಲ. ಓದಮ್ಮ, ಅವಳೂ ಕೇಳ್ಲಿ. ತಪ್ಪಿದ್ರೆ ಹೇಳು ಮರಿ” ಅಂದರು.

ಇನ್ನೇನು, ಅಧಿಕಾರ ಸಿಕ್ಕಿತಲ್ಲ! ಕುರ್ಚಿಯಲ್ಲಿ ಒರಗಿ ಕೂತು ಕೇಳಿದಳು. ಗುಂಡಿಯ ಸಾಲು ಬಂದಾಗ, “ಸುಳ್ಳು. ಎರಡು ಹಾಕ್ತೀನಿ. ಮೂರನೇದು ಹಾಕೋ ಹೊತ್ತಿಗೆ ಅಜ್ಜಿಗೆ ತಾಳ್ಮೆ ಹೋಗುತ್ತೆ” ಅಂದಳು. ಹುಡುಗಿ ಅದನ್ನು ತಿದ್ದಿ ಬರೆದುಕೊಂಡಳು. ಪಾಯಿಖಾನೆಯ ಸಾಲಿಗೆ ದೊರೆಸಾನಿ ನನ್ನನ್ನು ಒಂದು ನೋಟ ನೋಡಿದಳು, ಅಷ್ಟೇ. ‘ಒಳ್ಳೆಯ ನಿದ್ದೆ’ ಅಂತ ಬಂತು.

“ಅದು ತಪ್ಪು” ಅಂದಳು.

“ಏನು ತಪ್ಪು?” ಅಂದರು ವಯಸ್ಸಾದವರು.

“ನಾನು ಎದ್ದೇ ಇರ್ತೀನಿ. ಕಾಲು ಎಳೆಯುತ್ತೆ, ಬಟ್ಟೆ ಹಿಂಡ್ದಂಗೆ. ದಿಂಬು ಕಚ್ಕೊಂಡು ನೂರು ತನಕ ಎಣಿಸ್ತೀನಿ. ಆಮೇಲೆ ಹಿಂದಕ್ಕೆ ಎಣಿಸ್ತೀನಿ.”

“ಅಜ್ಜೀನ ಎಬ್ಬಿಸಲ್ವಾ?”

“ಎಬ್ಬಿಸಿದ್ರೆ ಅವ್ರಿಗೆ ನಿದ್ದೆ ಕೆಡುತ್ತೆ. ಬೆಳಿಗ್ಗೆ ನನ್ನ ಎತ್ಕೊಂಡು ಮೆಟ್ಲು ಇಳೀಬೇಕಲ್ಲ, ಬೀಳಿಸಿಬಿಟ್ರೆ?”

ಏಳು ವರ್ಷ ನಾನು ಅವಳ ಪಕ್ಕದಲ್ಲೇ ಮಲಗಿದ್ದೇನೆ ಮಗಳೇ. ನನ್ನ ಕೈಯಳತೆಯಲ್ಲಿ. ನನಗೆ ಗೊತ್ತಿರಲಿಲ್ಲ.

ಆಮೇಲೆ ನಡೆಯುತ್ತೀಯಾ ಅಂತ ಕೇಳಿದರು. ಬಾಗಿಲ ಹತ್ತಿರ ಇಳಿಸಿದೆ. ನಡೆದಳು, ಹತ್ತೂ ಹೆಜ್ಜೆ. ನಾನು ಕೈ ಕಟ್ಟಿಕೊಂಡು ನಿಂತಿದ್ದೆ. ಚೆನ್ನಾಗಿ ನಡೆಯಲಿ ಅಂತಲೂ ಬೇಡಿಕೊಳ್ಳಲಿಲ್ಲ, ಬೀಳಲಿ ಅಂತಲೂ ಬೇಡಿಕೊಳ್ಳಲಿಲ್ಲ. ಮೇಜು ಹಿಡಿದು ನಿಂತು ನಕ್ಕಳು. “ಭೇಷ್, ಈಗ ವಾಪಸ್ ನಡ್ಕೊಂಡು ಹೋಗು ನೋಡೋಣ” ಅಂದರು ಡಾಕ್ಟರು.

ಅವಳು ಬಾಗಿಲನ್ನು ನೋಡಿದಳು. “ವಾಪಸ್ ಹೋಗೋದು ನಾವು ಕಲ್ತಿಲ್ಲ” ಅಂದಳು.

ಆ ವಯಸ್ಸಾದ ಡಾಕ್ಟರೇ ಎದ್ದು ಬಂದು ಅವಳನ್ನು ಎತ್ತಿಕೊಂಡು ತಂದು ಕೂರಿಸಿದರು. ತೊಡೆಯನ್ನು ಹಿಡಿದು ತುಂಬ ಹೊತ್ತು ನೋಡಿದರು. ರಾತ್ರಿಯ ಎಳೆತಕ್ಕೆ ಒಂದು ಔಷಧಿ ಬರೆದುಕೊಟ್ಟಿದ್ದಾರೆ. ನಿನ್ನೆಯಿಂದ ಶುರು ಮಾಡಿದೆ. ಕೆಲಸ ಮಾಡಲು ಒಂದು ವಾರ ಬೇಕಂತೆ. ಅಲ್ಲಿಯ ತನಕ ಎಳೆದರೆ ನನ್ನನ್ನು ಎಬ್ಬಿಸಬೇಕು ಅಂತ ಒಪ್ಪಂದ ಮಾಡಿಕೊಂಡಿದ್ದೇವೆ. ನಿನ್ನೆ ಎಬ್ಬಿಸಿದಳು. ಇಬ್ಬರೂ ಸೇರಿ ನೂರು ಎಣಿಸಿದೆವು.

ಫಲಿತಾಂಶ ಹದಿನೈದು ದಿನದೊಳಗೆ ವಕೀಲೆಗೆ ಬರುತ್ತದಂತೆ. ಏನು ಬರುತ್ತದೋ ನನಗೆ ಗೊತ್ತಿಲ್ಲ. ಇದ್ದದ್ದನ್ನು ಹೇಳಿ ಬಂದಿದ್ದೇವೆ.

ನಿನ್ನ ಅತ್ತೆ


ಜೂನ್ 7

ಅತ್ತೆಯವರಿಗೆ,

ಐವತ್ತೆಂಟು.

ವಕೀಲೆ ತಾವೇ ಹಾಸ್ಟೆಲಿನ ತನಕ ಬಂದು ಕಾಗದ ಕೊಟ್ಟರು. ಐವತ್ತೆಂಟು ಅಂತ ಓದಿದ ಕೂಡಲೇ, ಮಗಳು ಪರೀಕ್ಷೆಯಲ್ಲಿ ಪಾಸಾದ ಹಾಗೆ ನಾನು ಪಕ್ಕದ ಮಂಚದ ಅಕ್ಕನನ್ನು ತಬ್ಬಿಕೊಂಡೆ. ಎಲ್ಲರೂ ಕೈ ತಟ್ಟಿದರು. ಆಮೇಲೆ ಒಬ್ಬಳೇ ಒಣಹಾಕುವ ಕೋಣೆಗೆ ಹೋಗಿ ಇನ್ನೊಂದು ಸಲ ಓದಿದೆ. ಯಾವುದರ ಐವತ್ತೆಂಟು ಅಂತ ಆಗ ಪೂರ್ತಿ ಓದಿದೆ. ಕಣ್ಣು ತುಂಬಿತು. ಎರಡೂ ನಿಜ ಅತ್ತೆ. ಸಂತೋಷವಾದದ್ದೂ ನಿಜ.

ಮೂಲ ಪ್ರತಿಯನ್ನು ರಿಜಿಸ್ಟರ್ ಅಂಚೆಯಲ್ಲಿ ಕಳುಹಿಸಿದ್ದೇನೆ. ನಕಲುಗಳನ್ನು ಹೆಡ್ ಮೇಡಂಗೂ ಕಾಲಿನ ಪಟ್ಟಿ ಕೊಡುವ ವಿಭಾಗಕ್ಕೂ ಕೊಡಿ. ಭತ್ಯೆಯ ಅರ್ಜಿಯಲ್ಲಿ ತಂದೆಯ ಸಹಿ ಕೇಳಿದರೆ ನನ್ನದೊಂದೇ ಸಾಕು ಅಂತ ಹೇಳಿ. ವಕೀಲೆ ಅದಕ್ಕೂ ಒಂದು ಕಾಗದ ಮಾಡಿಕೊಟ್ಟಿದ್ದಾರೆ.

ಭತ್ಯೆ ಶುರುವಾದ ಮೇಲೆ ಇಲ್ಲಿಯೇ ಇರಬೇಕಾದ ಅಗತ್ಯ ಕಡಿಮೆಯಾಗುತ್ತದೆ. ಬೀದಿಯ ತುದಿಯ ಲಾಂಡ್ರಿಯಲ್ಲಿ ಕೆಲಸವಿದೆಯೇ ವಿಚಾರಿಸಿ. ಎಡಗೈಯ ಎರಡು ಬೆರಳು ಪೂರ್ತಿ ಮಡಚುವುದಿಲ್ಲ ಅಂತ ಮೊದಲೇ ಹೇಳಿ. ವರ್ಷದ ಕರಾರು ಸೆಪ್ಟೆಂಬರಿಗೆ ಮುಗಿಯುತ್ತದೆ. ಅಷ್ಟರಲ್ಲಿ ಬರುತ್ತೇನೆ.

ನಿಮ್ಮ ಸೊಸೆ


ಜೂನ್ 26

ಮಗಳೇ,

ಇವತ್ತು ಬೆಳಿಗ್ಗೆ ದೊರೆಸಾನಿಯನ್ನು ಶಾಲೆಗೆ ಬಿಟ್ಟು ಬಂದೆ.

ಆಯಾ ಗಟ್ಟಿ ತೋಳಿನ ಹೆಂಗಸು. ನಿನ್ನ ಮಗಳು ಅವರನ್ನು ಮೇಲಿಂದ ಕೆಳಗೆ ನೋಡಿ, “ನಿಮ್ಗೆ ಎತ್ತೋಕೆ ಬರುತ್ತಾ?” ಅಂತ ಕೇಳಿದಳು. “ನಮ್ಮನೇಲಿ ಮೂರು ಗಂಡ್ಮಕ್ಳನ್ನ ಎತ್ತಿ ಬೆಳೆಸಿದೀನಿ, ನೀನ್ಯಾವ ಲೆಕ್ಕ?” ಅಂದರು ಅವರು. “ಅವ್ರಿಗೆ ಕಾಲು ಬರ್ತಿತ್ತಲ್ಲ, ಅದು ಸುಲಭ” ಅಂದಳು. ಇಬ್ಬರೂ ಸರಿಯಾದ ಜೋಡಿ.

ಗೋಡೆ ಪಕ್ಕ ನಿಂತು ಆಯಾಗೆ ಎಲ್ಲ ಹೇಳಿದೆ. ಬಲಗೈ ಮೊದಲು, ಬಲಕ್ಕೆ ವಾಲುತ್ತಾಳೆ, ಅರ್ಧ ಲೋಟ, ಕರವಸ್ತ್ರ ಚೀಲದಲ್ಲಿದೆ, ಮುಖ ಆಚೆ ತಿರುಗಿಸಿಕೊಳ್ಳಿ, ನೋವಾದರೆ ಹೇಳುವುದಿಲ್ಲ ಆದ್ದರಿಂದ ಕೇಳುತ್ತಿರಬೇಕು. ಒಂದನ್ನೂ ಬಿಡಲಿಲ್ಲ. ಅವರು ಎದ್ದು ಹೋಗಲಿಲ್ಲ. ಮುಗಿದ ಮೇಲೆ, “ಇನ್ನೊಂದ್ಸಲ ನಿಧಾನಕ್ಕೆ ಹೇಳಿ ಅಮ್ಮ, ಬರ್ಕೊಳ್ತೀನಿ” ಅಂದರು.

ಅವಳನ್ನು ಎತ್ತಿಕೊಂಡು ಒಳಗೆ ಹೋದರು. ಅವರ ಭುಜದ ಮೇಲಿಂದ ಅವಳು ನನ್ನ ಕಡೆ ನೋಡಲಿಲ್ಲ. ಗೋಡೆಯ ಮೇಲೆ ಬರೆದ ಅಕ್ಷರಗಳನ್ನು ಓದುತ್ತಿದ್ದಳು.

ನಾನು ಗೇಟು ದಾಟಿ ನಾಲ್ಕು ಹೆಜ್ಜೆ ಇಟ್ಟು ನಿಂತೆ. ಏನನ್ನೋ ಮರೆತು ಬಂದ ಹಾಗಾಯಿತು. ಏಳು ವರ್ಷದಿಂದ ಈ ಬೀದಿಯಲ್ಲಿ ಅವಳನ್ನು ಎತ್ತಿಕೊಳ್ಳದೆ ನಡೆದವಳಲ್ಲ ನಾನು. ಕೈಗಳನ್ನು ಎಲ್ಲಿಟ್ಟುಕೊಳ್ಳಬೇಕು ಅಂತಲೇ ತಿಳಿಯಲಿಲ್ಲ. ಬೆನ್ನ ಹಿಂದೆ ಕಟ್ಟಿಕೊಂಡೆ, ಸರಿಹೋಗಲಿಲ್ಲ. ಎದೆಯ ಮೇಲೆ ಕಟ್ಟಿಕೊಂಡೆ, ಯಾರ ಮೇಲೋ ಜಗಳಕ್ಕೆ ಹೊರಟ ಹಾಗೆ ಕಂಡಿತು. ಕೊನೆಗೆ ಇಳಿಬಿಟ್ಟು ಬೀಸಿಕೊಂಡು ನಡೆದೆ. ಒಂದು ಸುತ್ತು ಹೆಚ್ಚೇ ನಡೆದೆ.

ಈಗ ಗಂಟೆ ಹತ್ತೂಕಾಲು. ಅವಳನ್ನು ಕರೆತರಬೇಕಾದ್ದು ಮೂರೂವರೆಗೆ. ಮನೆ ಗುಡಿಸಿಯಾಯಿತು. ಅದಕ್ಕೇ ನಿನಗೆ ಬರೆಯುತ್ತಾ ಕೂತಿದ್ದೇನೆ.

ನಿನ್ನ ಅತ್ತೆ